ತಂತಿಯ ಬುಡಕ್ಕೊಂದು ಜೋಳ

ಮೊರದಲ್ಲಿ ಜೋಳ ಕೇರುವಾಗ ಏಳುವ ಧೂಳಿನ ವಾಸನೆಗೆ ಉಳಿದವರಿಗೆ ರೊಟ್ಟಿ ನೆನಪಾಗುತ್ತದೆ. ನನಗೆ ಇಂದಿಗೂ ಬೇಸ್ ಗಿಟಾರು.

ನನಗಾಗ ಒಂಬತ್ತು ವರ್ಷ. ರಾಣೆಬೆನ್ನೂರಿನ ನಮ್ಮ ಪಡಸಾಲೆಯಲ್ಲಿ ಕಾಕಾ ಹೊಸ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಹೆಣ ಕಾಯುವವರ ಗಾಂಭೀರ್ಯದಲ್ಲಿ ಕುಳಿತಿದ್ದ. ಸ್ಪೀಕರಿಗೆ ಜೋಡಿಸಿದ್ದ ಅದರ ದಪ್ಪ ತಂತಿ ಕೋಣನಂತೆ ಒದರುತ್ತಿತ್ತು. ಉಳಿದ ಮೂರು ಹೊಸ ಸೊಸೆಯರಂತೆ ಪಿಸುಗುಡುತ್ತಿದ್ದವು. ಇದೇ ಸದ್ದಾದರೆ ಸಂಜೆ ಹಲಗೇರಿಯ ಮದುವೆಗೆ ಬರುವುದೇ ಬೇಡವೆಂದು ಆರ್ಕೆಸ್ಟ್ರಾದ ಮಾಲೀಕರು ಹೇಳಿ ಹೋಗಿದ್ದರು.

ತಂತಿಗಳ ಕೆಳಗೆ ದನಿ ಹಿಡಿಯುವ ಅಯಸ್ಕಾಂತದ ಪಟ್ಟಿ ಇರುತ್ತದೆ, ಪಿಕಪ್ ಎಂದು ಅದರ ಹೆಸರು. ಹತ್ತಿರವಾದಷ್ಟೂ ಒಳ್ಳೆಯದೆಂದು ಕಾಕಾ ತಿರುಪು ತಿರುಗಿಸಿ, ಅದನ್ನು ತಂತಿಗೆ ಮುಟ್ಟುವಷ್ಟು ಏರಿಸಿದ್ದ.

"ಕಾಕಾ, ಕೆಳಗ ಇಳಸು. ದಪ್ಪ ತಂತಿ ಅಂಜಿ ನಡಗಾಕತ್ತೈತಿ," ಎಂದೆ.

"ನೀ ಸುಮ್ನ ಕುಂದ್ರವಾ, ಪಂಡಿತಿ."

ಜೋಳ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು ತೀರ್ಪು ಕೊಟ್ಟಳು. "ಖರೇ ಹೇಳಾಕತ್ತೈತಿ ಕೂಸು. ದಪ್ಪಂದರ ಬುಡಕ ಒಂದ ಜೋಳ ಹೋಗೂವಷ್ಟ ಬಿಡು, ಸಣ್ಣದರ ಬುಡಕ ಒಂದ ಸಜ್ಜಿ ಕಾಳು. ದೊಡ್ಡ ಮೈಯವ್ರಿಗೆ ಜಾಗಾ ಹೆಚ್ಚ ಬೇಕಲೋ."

ಕಾಕಾ ತಿರುಪು ಸಡಿಲಿಸುತ್ತ ಹೋದ. ನಾನು ಕಾಳು ತೂರಿಸಿ ತೂರಿಸಿ ಅಳತೆ ನೋಡಿದೆ. ಕೊನೆಗೆ ನಾಲ್ಕೂ ತಂತಿ ಸರಿಸಮನಾಗಿ ಗುಂಯ್ ಎಂದವು.

ಟೆಂಪೋ ತಂದ ಮಾಲೀಕರು ಬಾಗಿಲಲ್ಲೇ ನಿಂತು ಕೇಳಿದರು. "ಭೇಷ್! ಯಾವ ಮೇಸ್ತ್ರಿ ಕಡೆ ಮಾಡಿಸಿದ್ಯೋ?"

ಕಾಕಾ ಮೊದಲು ಕೆಮ್ಮಿದ, ಆಮೇಲೆ ನನ್ನತ್ತ ಕೈ ತೋರಿಸಿದ.

ಹಲಗೇರಿಯ ತನಕ ಮುಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತವಳು ನಾನು. ಕಾಕಾ ಹಿಂದೆ, ಡ್ರಮ್ಮುಗಳ ನಡುವೆ.