ಅಳಿಯನ ಎದುರಿಗೆ

ಕೆಮ್ಮಿ ಸುಸ್ತಾಗಿ ಬೊಮ್ಮಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸೆರಗಿನಲ್ಲಿ ರಕ್ತವಿತ್ತು. ಎದುರಿಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಗಂಡ ಪಾಲಪ್ಪ ನೋಡಿಬಿಟ್ಟ.

"ವಸಡಿಂದ ಬಂದಿರ್ಬೇಕು ಬುಡು" ಎಂದಳು.

"ವಸಡಿಂದು ಕೆಮ್ಮಿದಾಗ್ಲೇ ಬತ್ತದಾ? ಏಳು ಮೇಲಕ್ಕೆ, ಪಾವಗಡಕ್ಕೆ ಹೋಗಾನ."

ಪಾವಗಡದಲ್ಲಿ ಮಗಳು ವನಜಾ, ಅಳಿಯ ನವೀನ್‌ಕುಮಾರ್ ಬಸ್‌ಸ್ಟ್ಯಾಂಡಿಗೇ ಬಂದಿದ್ದರು. ಹೋದ ತಿಂಗಳೂ ಹೀಗೇ ನಾಲ್ವರು ಕೂಡಿಕೊಂಡು ಡಾಕ್ಟರಮ್ಮನ ಹತ್ತಿರ ಹೋಗಿದ್ದರು. ಆಗ ಬರೀ ಜ್ವರ, ಕೆಮ್ಮು. ಎದೆಗೆ ಸ್ಟೆತಸ್ಕೋಪ್ ಇಟ್ಟು ಡಾಕ್ಟರಮ್ಮ ಕೇಳಿದ್ದರು, "ಬೀಡಿ, ಹೊಗೆಸೊಪ್ಪು ಏನಾದರೂ ಅಭ್ಯಾಸ ಇದೆಯೇನಮ್ಮ?" ಬೊಮ್ಮಕ್ಕ ಇಲ್ಲವೆಂದು ತಲೆಯಾಡಿಸಿದ್ದಳು. ವನಜಾ ನೆಲ ನೋಡಿದ್ದಳು. ಪಾಲಪ್ಪನಿಗೆ ಮಾತು ನಾಲಿಗೆ ತುದಿಗೆ ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ಅಳಿಯನನ್ನು ಕಂಡು ನುಂಗಿಕೊಂಡಿದ್ದ.

ಮದುವೆಯಾದ ಹೊಸದರಲ್ಲಿ ಹಲ್ಲುನೋವೆಂದು ಅವಳು ಅಳುತ್ತಿದ್ದಾಗ ಬೀಡಿ ಹಚ್ಚಿ ಕೊಟ್ಟವನು ಅವನೇ. ಹಲ್ಲು ಬಿದ್ದುಹೋಯಿತು, ಬೀಡಿ ಉಳಿಯಿತು. ಎಷ್ಟೋ ವರ್ಷಗಳ ಮೇಲೆ ಅವನು ಬಿಟ್ಟ, ಅವಳಿಂದ ಆಗಲಿಲ್ಲ. ಅಳಿಯ ಬಂದ ದಿನ ಹಿತ್ತಲ ಹುಲ್ಲಿನ ಬಣವೆ ಹಿಂದೆ ಸೇದಿ, ಬಾಯಿಗೆ ಏಲಕ್ಕಿ ಹಾಕಿಕೊಂಡೇ ಒಳಗೆ ಬರುತ್ತಿದ್ದಳು.

ಇವತ್ತು ಡಾಕ್ಟರಮ್ಮ ಕೇಳುವ ಮೊದಲೇ ಪಾಲಪ್ಪ ಬಾಯಿಬಿಟ್ಟ. "ಇವಳು ಬೀಡಿ ಸೇದ್ತಾಳೆ ಕಣಮ್ಮ. ಮೂವತ್ತು ವರ್ಷದ ಮೇಲಾಯ್ತು. ಆವತ್ತು ನಾನು ಹೇಳ್ನಿಲ್ಲ."

ಬೊಮ್ಮಕ್ಕ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಎಕ್ಸ್‌ರೇ ಬಂತು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎದೆಯಲ್ಲಿ ಸೋಂಕು ಇದೆ, ನಿಜ. ಆದರೆ ಬಲಗಡೆ ಒಂದು ಗಡ್ಡೆಯ ಹಾಗೆ ಕಾಣ್ತಿದೆ. ತುಮಕೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ." ಚೀಟಿ ಬರೆಯುತ್ತಾ ಮೆಲ್ಲಗೆ ಅಂದರು, "ಆವತ್ತೇ ಹೇಳಿದ್ದರೆ ಆವತ್ತೇ ಎಕ್ಸ್‌ರೇ ತೆಗೆಸ್ತಿದ್ದೆ."

ಹೊರಗಿನ ಬೆಂಚಿನಲ್ಲಿ ಬೊಮ್ಮಕ್ಕ ಗಂಡನ ಕಡೆ ತಿರುಗಲೇ ಇಲ್ಲ. "ಅಳಿಯನ ಎದುರಿಗೆ ನನ್ನ ಮಾನ ಕಳೆದ್ಬುಟ್ಟೆ" ಎಂದಳು, ಅವನಿಗಷ್ಟೇ ಕೇಳುವಂತೆ.

ನೀರಿನ ಬಾಟಲಿ ಹಿಡಿದು ಬಂದ ನವೀನ್‌ಕುಮಾರನಿಗೂ ಅದು ಕೇಳಿಸಿತು. ಬಾಟಲಿಯ ಮುಚ್ಚಳ ತೆಗೆದು ಅತ್ತೆಯ ಕೈಗೆ ಕೊಟ್ಟು, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

"ಹೆಣ್ಣು ನೋಡೋಕೆ ಬಂದ ದಿನಾನೇ ನನಗೆ ಗೊತ್ತಾಗಿತ್ತು ಅತ್ತೆ. ನಮ್ಮಜ್ಜಿನೂ ಸೇದ್ತಿದ್ರು, ಆ ವಾಸನೆ ನನಗೆ ಹೊಸದಲ್ಲ."

ಪಾಲಪ್ಪ ಅಳಿಯನ ಮುಖವನ್ನೇ ನೋಡಿದ.

"ನಿಮಗೆ ನಾಚಿಕೆ ಆಗ್ಬಾರ್ದು ಅಂತ ನಾನೂ ಸುಮ್ಮನಿದ್ದೆ ಮಾವ" ಎಂದ ನವೀನ್‌ಕುಮಾರ್. "ಆವತ್ತು ಅವರು ಕೇಳಿದಾಗ, ನಾನೂ ಬಾಗಿಲಲ್ಲೇ ನಿಂತಿದ್ನಲ್ಲ."