ಕೂಲರ್‌ಗೆ ಹುಲ್ಲು ಬದಲಿಸುವ ದಿನ

ತಾರಸಿಯ ಮೇಲೆ ಯಾರೋ ನಡೆದಾಡುತ್ತಿದ್ದರು. ನಸ್ತರನ್ ತೊಳೆಯುತ್ತಿದ್ದ ಅಕ್ಕಿಯನ್ನು ಅಲ್ಲೇ ಬಿಟ್ಟು ತಲೆ ಎತ್ತಿದಳು. ತಗಡು ಎಳೆದ ಸದ್ದು ಕೇಳಿಸಿತು.

"ಅಮ್ಮಾ, ಮೇಲೆ ಯಾರು?"

"ಉಸ್ತಾ ಯದುಲ್ಲಾ," ಎಂದಳು ಅತ್ತೆ ತೂಬಾ ಖಾನುಂ. ಮುಂಬಾಗಿಲ ಬಳಿ ಕೂತು, ಕೀಲಿರಂಧ್ರಕ್ಕೆ ತುರುಕಿದ್ದ ಹತ್ತಿಯನ್ನು ತಲೆಪಿನ್ನಿನಿಂದ ಕೆದಕುತ್ತಿದ್ದಳು. "ಕೂಲರ್‌ಗೆ ಹುಲ್ಲು ಬದಲಾಯಿಸೋಕೆ ನಾನೇ ಕರೆಸಿದೆ. ಇಡೀ ಇಸ್ಫಹಾನ್ ತಣ್ಣಗೆ ಕೂತಿದೆ, ನಾವಿಬ್ರು ಮಾತ್ರ ಬೇಯ್ತಾ ಇದ್ದೀವಿ."

"ನನ್ನ ಹತ್ರ ಅಲ್ವಾ ತಾರಸಿ ಬೀಗದ ಕೈ ಇರೋದು?"

"ನನ್ನ ಮನೆ ತಾರಸಿಗೆ ನನ್ನ ಹತ್ರ ಇನ್ನೊಂದು ಇರಲ್ವೇನೆ?"

"ಮುಂದಿನ ವಾರ ಮಾಡಿಸೋಣ ಅಂದಿದ್ದೆನಲ್ಲಮ್ಮಾ."

"ಹೀಟರಿಗೂ ಹೀಗೇ ಅಂದಿದ್ದೆ. ನನ್ನ ಕಾವೆ ನಿನ್ನ ಮುಂದಿನ ವಾರದ ತನಕ ಉಳೀಲಿಲ್ಲ." ಅತ್ತೆ ಹತ್ತಿಯ ಉಂಡೆಯನ್ನು ಸೊಸೆಯ ಕಡೆ ಎಸೆದಳು. "ಇದನ್ಯಾಕೆ ಇಲ್ಲಿ ತುರುಕಿದ್ದೀಯ? ಏನು ಮಾಡಿದ್ರೂ ನೆಟ್ಟಗೆ ಮಾಡಲ್ಲ. ಕಾವೆ ಮಶ್ಹದ್‌ನಿಂದ ನನಗೆ ಅಂತ ತಂದುಕೊಟ್ಟ ಚಾದರ, ನೇರಳೆ ಹೂವಿಂದು, ಅದನ್ನೂ ಎಲ್ಲಿ ಬಿಸಾಕಿದೆಯೋ. ಚಳಿಗಾಲದಿಂದ ಹುಡುಕ್ತಾ ಇದ್ದೀನಿ."

ಚಳಿಗಾಳಿ ಬರದಿರಲೆಂದು ಆ ಹತ್ತಿಯನ್ನು ತುರುಕಿದ್ದು ಅತ್ತೆಯೇ; ಮರೆತಿದ್ದಳು. ಮಗ ಹೋದ ಮೇಲೆ ತೂಬಾ ಖಾನುಂ ಬದುಕಿರುವುದೇ ಸೊಸೆಯನ್ನು ಬೈಯಲಿಕ್ಕೆ ಎಂದು ನೆರೆಯವರು ಹೇಳುತ್ತಿದ್ದರು. ನಸ್ತರನ್ ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದಳು.

ಆ ಬೆಳಿಗ್ಗೆಯೂ ಹೀಗೇ ಓಡಿದ್ದಳು. ಕಾಶಾನಿನ ತಂಗಿಯ ಮನೆಯಿಂದ ಬಂದು ಬಾಗಿಲು ತೆಗೆದಾಗ ಕಾವೆ ಗ್ಯಾಸ್ ಹೀಟರಿನ ಮುಂದೆ ಮಲಗಿದಂತೆಯೇ ಇದ್ದ. ಕೆನ್ನೆಗಳು ಕೆಂಪಗಿದ್ದವು. ಅತ್ತೆ ಆಚೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದರಿಂದ ಉಳಿದಿದ್ದಳು. ವಿಷದ ಹೊಗೆ ಹೊರಗೆ ಹೋಗದೆ ಒಳಗೇ ತುಂಬಿದೆ, ಮೇಲೆ ಹೊಗೆಕೊಳವೆ ನೋಡಬೇಕು ಎಂದಿದ್ದ ಅಗ್ನಿಶಾಮಕ ದಳದವನು. ಎಲ್ಲರಿಗಿಂತ ಮೊದಲು ತಾರಸಿ ತಲುಪಿದವಳು ನಸ್ತರನ್. ಉಳಿದವರು ಬಂದಾಗ ಕೊಳವೆಯ ಬಾಯಿ ಖಾಲಿಯಾಗಿತ್ತು. ಗಾಳಿ ತಿರುಗಿ ಬೀಸಿರಬೇಕು ಎಂದುಕೊಂಡು ಅವರು ಇಳಿದುಹೋದರು. ಅವಳ ಅಂಗೈಯ ಮಸಿಯನ್ನು ಯಾರೂ ನೋಡಲಿಲ್ಲ.

ಅಂದಿನಿಂದ ಬೀಗದ ಕೈ ಅವಳ ಬಳಿಯೇ ಇತ್ತು. ಅಲ್ಲಿ ಬಚ್ಚಿಟ್ಟಿದ್ದನ್ನು ತೆಗೆದು ಸುಟ್ಟುಬಿಡಬೇಕೆಂದು ಎಷ್ಟೋ ಸಲ ಮೆಟ್ಟಿಲ ತನಕ ಹೋಗಿದ್ದಳು. ಪ್ರತಿ ಸಲವೂ ತಿರುಗಿ ಬಂದಿದ್ದಳು. ಅದು ಯಾರ ಕೈಗಾದರೂ ಸಿಕ್ಕರೆ ಈ ಮನೆ ಉಳಿಯುವುದಿಲ್ಲ ಎಂಬುದು ಮಾತ್ರ ಅವಳಿಗೆ ಗೊತ್ತಿತ್ತು.

ಉಸ್ತಾ ಯದುಲ್ಲಾ ಕೂಲರ್‌ನ ಎರಡು ಬದಿಯ ತಗಡು ಬಿಚ್ಚಿಟ್ಟಿದ್ದ. ಹಳೆಯ ಹುಲ್ಲು ಉಪ್ಪು ಕಟ್ಟಿ ಕಲ್ಲಿನಂತಾಗಿತ್ತು.

"ಬನ್ನಿ ಖಾನುಂ. ಇದರ ಆಯಸ್ಸು ಮುಗೀತು. ಹೊಸದು ತಗೊಳ್ಳಿ, ಇದಕ್ಕೆ ನಲವತ್ತನೇ ದಿನದ ಊಟ ಹಾಕಿಬಿಡಿ," ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು. ನನ್ನ ಬಾಯಿಗೆ ಮಣ್ಣು ಬೀಳ."

"ಪರವಾಗಿಲ್ಲ. ಮೂರನೇ ತಗಡು ಬಿಚ್ಚಬೇಡಿ."

"ಬಿಚ್ಚದೆ ಹುಲ್ಲು ಹೇಗೆ ಬದಲಾಯಿಸಲಿ?" ಅವನು ಆಗಲೇ ತಗಡಿಗೆ ಕೈ ಹಾಕಿದ್ದ. ಒಳಗಿನಿಂದ ಬಟ್ಟೆಯ ಗಂಟೊಂದು ಉರುಳಿ ಅವನ ಕಾಲ ಬಳಿ ಬಿತ್ತು. ಕರ್ರಗೆ, ಗಟ್ಟಿಯಾಗಿ, ಕೊಳವೆಯಷ್ಟೇ ದುಂಡಗೆ.

ಅವನು ಗಂಟನ್ನು ನೋಡಿದ. ಆಮೇಲೆ ಪಕ್ಕದಲ್ಲೇ ನಿಂತಿದ್ದ ಹೊಗೆಕೊಳವೆಯನ್ನು ನೋಡಿದ.

"ನೀರು ಹರಿಯೋ ಜಾಗದಲ್ಲಿ ಮಸಿ ಎಲ್ಲಿಂದ ಬಂತು ಖಾನುಂ?"

ನಸ್ತರನ್ ಗಂಟನ್ನು ಎತ್ತಿ ಎದೆಗೆ ಅವುಚಿಕೊಂಡಳು.

"ಇದನ್ನ ಇಲ್ಲಿ ಇಟ್ಟಿದ್ದು ನೀವಾ?"

"ಹೌದು. ನಾನೇ ಇಟ್ಟಿದ್ದು."

ಉಸ್ತಾ ತನ್ನ ಸ್ಪಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. "ಕಾವೆ ನಂಗೆ ಗೊತ್ತಿದ್ದ ಹುಡುಗ," ಎಂದ. "ಈ ಮನೇಲಿ ನಂಗೆ ಕೆಲಸ ಬೇಡ."

"ಏನು ಸಿಕ್ತು ಉಸ್ತಾ?" ತೂಬಾ ಖಾನುಂ ಗೋಡೆ ಹಿಡಿದು, ಏದುಸಿರು ಬಿಡುತ್ತ ಕೊನೆಯ ಮೆಟ್ಟಿಲು ಹತ್ತಿ ಬಂದಳು. "ಮತ್ತೆ ಪಾರಿವಾಳ ಗೂಡು ಕಟ್ಟಿದ್ಯಾ?"

"ನಿಮ್ಮ ಸೊಸೇನ ಕೇಳಿ, ಹಾಜ್ ಖಾನುಂ."

"ಏನೇ ಅದು? ಕೊಡು ಇಲ್ಲಿ."

"ಬೇಡ ಅಮ್ಮಾ. ಮಸಿ. ನಿಮ್ಮ ಕೈ ಕೊಳೆಯಾಗತ್ತೆ."

"ಕೊಡು ಅಂದೆ!" ಮುದುಕಿ ಕೈ ಚಾಚಿದಳು. ಅವಳ ಬೆರಳುಗಳು ಗಂಟಿನ ಅಂಚನ್ನು ಮುಟ್ಟಿದವು.

ನಸ್ತರನ್ ಒಂದು ಹೆಜ್ಜೆ ಹಿಂದೆ ಸರಿದಳು.

"ಇದು ಕೊಳವೆಗೆ ತುರುಕಿದ್ದ ಬಟ್ಟೆ," ಎಂದಳು. ಬೆಳಿಗ್ಗೆ ಚಹಾಕ್ಕೆ ಕರೆಯುವ ದನಿಯಲ್ಲೇ ಹೇಳಿದಳು. "ಕಾಶಾನಿಗೆ ಹೊರಡೋ ಮುಂಚೆ ತುರುಕಿದೆ. ಮೇಲಿಂದ ಚಳಿಗಾಳಿ ಇಳೀತಿತ್ತು. ಅದು ಹೀಟರ್ ಕೊಳವೆ ಅಂತ ಗೊತ್ತಾಗಲಿಲ್ಲ."

ಪಕ್ಕದ ತಾರಸಿಯ ಕೂಲರ್ ಒಂದೇ ಸಮನೆ ಗೊರಗುಟ್ಟುತ್ತಿತ್ತು.

ತೂಬಾ ಖಾನುಂ ಕೂಗಲಿಲ್ಲ. ಹತ್ತಿರ ಬಂದು ಸೊಸೆಯ ಕೆನ್ನೆಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಆಮೇಲೆ ತಾನೇ ಹೊಡೆತ ತಿಂದವಳಂತೆ ಉಸ್ತಾನ ತೋಳು ಹಿಡಿದುಕೊಂಡಳು.

"ನನಗೆ ಆವತ್ತೇ ಗೊತ್ತಿತ್ತು," ಎಂದಳು. "ನೋಡಿದ್ಯಾ ಉಸ್ತಾ? ನನಗೆ ಗೊತ್ತಿತ್ತು. ಇವತ್ತೇ ಗಂಟುಮೂಟೆ ಕಟ್ಟು ಮಹಾರಾಯ್ತಿ. ನಿನ್ನ ಮುಖ ನನಗೆ ತೋರಿಸಬೇಡ."

"ಆಗಲಿ ಅಮ್ಮಾ."

"ನನ್ನನ್ನ ಅಮ್ಮ ಅನ್ನಬೇಡ!"

"ಮೆಟ್ಟಿಲು ನೋಡ್ಕೊಂಡು ಇಳೀರಿ," ಎಂದಳು ನಸ್ತರನ್. ಆಮೇಲೆ ಉಸ್ತಾನ ಕಡೆ ತಿರುಗಿ, "ಒಲೆ ಮೇಲೆ ಏನಾದ್ರೂ ಇಟ್ಟು ಮರೆತುಬಿಡ್ತಾರೆ. ಇಳಿದ ಮೇಲೆ ಒಮ್ಮೆ ನೋಡಿ," ಎಂದಳು.

ಅವನು ಮುದುಕಿಯನ್ನು ನಡೆಸಿಕೊಂಡು ಹೋದ. ಕೆಳಗೆ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳುವ ತನಕ ನಸ್ತರನ್ ಕಾದಳು. ಹಳೆಯ ಹುಲ್ಲನ್ನು ಮೂಲೆಗೆ ಗುಡ್ಡೆ ಹಾಕಿ ಬೆಂಕಿಕಡ್ಡಿ ಗೀರಿದಳು. ಹುಲ್ಲು ಹೊತ್ತಿಕೊಂಡಿತು. ಗಂಟನ್ನು ಬೆಂಕಿಗೆ ಹಾಕುವ ಮುನ್ನ ಒಮ್ಮೆ, ಒಂದೇ ಒಂದು ಸಲ, ಅದರ ಮಡಿಕೆ ಬಿಡಿಸಿದಳು.

ಮಸಿ ತಾಗದ ಒಳಮಡಿಕೆಯಲ್ಲಿ ಪುಟ್ಟ ನೇರಳೆ ಹೂಗಳಿದ್ದವು.