ಹತ್ತನೆಯ ಮಗು

ಹತ್ತು ಮಕ್ಕಳು ಸೇರದಿದ್ದರೆ ನಮ್ಮ ಸರ್ಕಾರಿ ಶಾಲೆಗೆ ಬೀಗ. ಒಂಬತ್ತಾಗಿದ್ದವು, ಇವತ್ತೇ ಕಡೇ ದಿನ. ಬೆಳಗಿನಿಂದ ಮನೆಮನೆ ಅಲೆದೆ. ಎಲ್ಲ ಕಡೆ ನನಗಿಂತ ಮೊದಲೇ ಆ ಕಾನ್ವೆಂಟಿನ ಟೀಚರಮ್ಮ ಬಣ್ಣದ ಪಾಂಪ್ಲೆಟ್ ಕೊಟ್ಟು ಹೋಗಿದ್ದಳು.

ಕೊನೆಯ ಮನೆಯ ಗೇಟಿನಲ್ಲಿ ಎದುರಾದಳು.

"ಇದೊಂದು ಮಗು ಬಿಟ್ಟುಕೊಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ," ಎಂದೆ.

"ಆಗಲ್ಲ ಮೇಡಂ. ಐದು ಅಡ್ಮಿಷನ್ ತರದಿದ್ರೆ ನನ್ನ ಕೆಲಸ ಹೋಗುತ್ತೆ. ಇದು ಐದನೇದು."

"ನಮ್ಮ ಶಾಲೆ ಮುಚ್ಚಿಸೋಕೇ ಹುಟ್ಟಿದೀಯೇನೇ?"

ಅವಳು ಅತ್ತಿತ್ತ ನೋಡಿ, ಪಾಂಪ್ಲೆಟ್ಟುಗಳ ಅಡಿಯಿಂದ ಒಂದು ಜನನ ಪ್ರಮಾಣಪತ್ರ ಎಳೆದು ನನ್ನ ಕೈಗಿಟ್ಟಳು.

"ಮುಚ್ಚಬಾರದು ಮೇಡಂ. ಒಂದನೇ ಕ್ಲಾಸಿಗೆ ಬರ್ಕೊಳ್ಳಿ, ನನ್ನ ಮಗಳು."